ಕೊಬ್ಬರಿ ತೂಕ ಮತ್ತು ಐಆರ್‌ಕ್ಯೂ 4

ನಲವತ್ತಮೂರೂವರೆ ಕಿಲೋ ತೂಗುವ ಕೊಬ್ಬರಿ ಚೀಲ ಕಂಪ್ಯೂಟರಿನ ಪರದೆಯ ಮೇಲೆ ಮೂರೂವರೆ ಕಿಲೋ ಎಂದು ಮೂಡಿದರೆ ಎದುರಿಗಿದ್ದವರೆಲ್ಲರೂ ಕೂಡಲೇ ಗಮನಿಸುತ್ತಾರೆ. ಅದೇ ಚೀಲ 43.50ರ ಬದಲು 43.0 ಎಂದು ಮೂಡಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ; ಬೆಳೆಗಾರನ ಲೆಕ್ಕದಿಂದ ಅರ್ಧ ಕಿಲೋ ಸದ್ದಿಲ್ಲದೆ ಇಳಿದುಹೋಗುತ್ತದೆ. 1990ರ ದಶಕದ ನಡುಭಾಗದಲ್ಲಿ ನಾನು ತುಮಕೂರಿನ ಒಂದು ಸಣ್ಣ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ತಿಪಟೂರಿನ ಕೊಬ್ಬರಿ ಮಂಡಿಯೊಂದಕ್ಕೆ ಅಲ್ಲಿಂದ ಬರೆದುಕೊಟ್ಟಿದ್ದ ತೂಕದ ಪ್ರೋಗ್ರಾಂ ಈ ಎರಡೂ ಬಗೆಯ ತಪ್ಪುಗಳನ್ನು ಮಾಡುತ್ತಿದೆ ಎಂಬ ದೂರು ಬಂದಾಗ ಅದನ್ನು ಸರಿಪಡಿಸುವ ಹೊಣೆ ನನ್ನ ಪಾಲಿಗೆ ಬಂತು. ಹಳೆಯ ಪಿಸಿಗಳಲ್ಲಿ ಹಾರ್ಡ್‌ವೇರ್ ಇಂಟರಪ್ಟ್‌ಗಳನ್ನು ಬಳಸುವುದನ್ನು ನಾನು ಕಲಿತದ್ದು ಆ ದೂರಿನ ಬೆನ್ನು ಹತ್ತಿ. ಆ ಕೆಲಸದ ಟಿಪ್ಪಣಿಗಳು ಇನ್ನೂ ನನ್ನ ಬಳಿ ಇರುವುದರಿಂದ ಅವನ್ನು ಇಲ್ಲಿ ವಿವರವಾಗಿ ಬರೆದಿಡುತ್ತಿದ್ದೇನೆ.

ಬಿ.ಎಚ್. ರಸ್ತೆಯಲ್ಲಿ ಗುಬ್ಬಿ, ಕಿಬ್ಬನಹಳ್ಳಿ ಕ್ರಾಸ್ ದಾಟಿ ನಾನು ತಿಪಟೂರು ತಲುಪುವ ಹೊತ್ತಿಗೆ ಮಂಡಿಯಲ್ಲಿ ತೂಕ ನಡೆಯುತ್ತಿತ್ತು. ಹಮಾಲರು ಚೀಲವನ್ನು ಎಲೆಕ್ಟ್ರಾನಿಕ್ ತಕ್ಕಡಿಯ ಹಲಗೆಯ ಮೇಲೆ ಇಡುತ್ತಿದ್ದರು. ತಕ್ಕಡಿಯ ಅಂಕಿ ತೋರಿಸುವ ಪೆಟ್ಟಿಗೆಯಿಂದ ಹೊರಟ ಸೀರಿಯಲ್ ಕೇಬಲ್ ಗೋಡೆಯುದ್ದಕ್ಕೂ ಸಾಗಿ ಗುಮಾಸ್ತರ ಮೇಜಿನ ಮೇಲಿದ್ದ 386 ಯಂತ್ರವನ್ನು ಸೇರುತ್ತಿತ್ತು. ನಾನು ಅರ್ಧ ಗಂಟೆ ನೋಡುತ್ತಾ ನಿಂತರೂ ಒಂದು ತಪ್ಪೂ ಕಾಣಲಿಲ್ಲ. ಆಗ ಗುಮಾಸ್ತರು ಹೇಳಿದ ಮಾತೇ ಇಡೀ ಸಮಸ್ಯೆಯ ಕೀಲಿಕೈ. "ಸಾರ್, ಹಿಂದಿನ ಚೀಲದ ಲೆಕ್ಕ ಬರ್ಕೊಳೋ ಹೊತ್ನಲ್ಲೇ ಮುಂದಿನ ಚೀಲ ಇಟ್ರೆ ಹಿಂಗಾಗೋದು. ಸುಮ್ನೆ ತೂಕ ನೋಡ್ಕಂಡು ಕೂತ್ರೆ ಸರ್ಯಾಗೇ ತೋರಿಸ್ತೈತೆ." ಹಾರ್ಡ್ ಡಿಸ್ಕಿನ ಕೆಂಪು ದೀಪ ಮಿನುಗುವುದಕ್ಕೂ ಅಂಕಿ ಕಾಣೆಯಾಗುವುದಕ್ಕೂ ಸಂಬಂಧವಿದೆ ಎಂಬುದನ್ನು ದಿನವಿಡೀ ಆ ಯಂತ್ರದ ಮುಂದೆ ಕೂರುವ ಅವರು ತಾವಾಗಿಯೇ ಕಂಡುಕೊಂಡಿದ್ದರು.

ನಮ್ಮ ಪ್ರೋಗ್ರಾಂ ಮಾಡುತ್ತಿದ್ದದ್ದು ಇಷ್ಟು. ಸೀರಿಯಲ್ ಪೋರ್ಟಿಗೆ ಅಕ್ಷರವೇನಾದರೂ ಬಂದಿದೆಯೇ ಎಂದು ಮತ್ತೆ ಮತ್ತೆ ಹೋಗಿ ನೋಡುವುದು, ಬಂದಿದ್ದರೆ ತೆಗೆದುಕೊಳ್ಳುವುದು, ಸಾಲು ಪೂರ್ತಿಯಾದಾಗ ತೂಕವನ್ನು ಪರದೆಯ ಮೇಲೆ ಬರೆಯುವುದು, ಗುಮಾಸ್ತರು ಎಂಟರ್ ಒತ್ತಿದಾಗ ಅದನ್ನು ಫೈಲಿಗೆ ಸೇರಿಸುವುದು. ಹೀಗೆ ಹೋಗಿ ಹೋಗಿ ನೋಡುವ ಕ್ರಮಕ್ಕೆ ಪೋಲಿಂಗ್ ಎಂದು ಹೆಸರು. ಪಿಸಿಯೊಳಗೇ ಬರೆದಿಟ್ಟಿರುವ ಮೂಲ ಪ್ರೋಗ್ರಾಂ ಆದ ಬಯಾಸ್‌ನಲ್ಲಿ ಸೀರಿಯಲ್ ಪೋರ್ಟಿಗೆಂದು ಇರುವ 14ನೆಯ ಹೆಕ್ಸ್ (ಹದಿನಾರರ ಆಧಾರದ ಎಣಿಕೆ) ಸೇವೆ ಕೂಡ ಇದನ್ನೇ ಮಾಡುತ್ತದೆ. ಬಂದ ಅಕ್ಷರಗಳನ್ನು ಕೂಡಿಡುವ ಜಾಗ ಬಯಾಸ್‌ನಲ್ಲೂ ಇಲ್ಲ, ಆಗಿನ ಆಪರೇಟಿಂಗ್ ಸಿಸ್ಟಮ್ ಆದ ಡಾಸ್‌ನಲ್ಲೂ ಇಲ್ಲ. ನಮ್ಮ ತಕ್ಕಡಿ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಎಡೆಬಿಡದೆ ತೂಕವನ್ನು ಕಳಿಸುತ್ತಲೇ ಇರುತ್ತಿತ್ತು. ಆರಂಭದ ಬಿಟ್, ಎಂಟು ದತ್ತಾಂಶದ ಬಿಟ್‌ಗಳು, ಕೊನೆಯ ಬಿಟ್ ಎಲ್ಲ ಸೇರಿ ಅಕ್ಷರವೊಂದಕ್ಕೆ ಹತ್ತು ಬಿಟ್‌ಗಳು. ಅಂದರೆ ಸೆಕೆಂಡಿಗೆ 960 ಅಕ್ಷರ, ಒಂದೊಂದಕ್ಕೂ ಒಂದು ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಕಾಲ. ಆ ಕಾಲದ ಸೀರಿಯಲ್ ಚಿಪ್ ಆಗಿದ್ದ 8250 ಮತ್ತು ಅದರ ಮುಂದಿನ ರೂಪವಾದ 16450, ಬಂದ ಅಕ್ಷರಗಳಲ್ಲಿ ಒಂದನ್ನು ಮಾತ್ರ ಹಿಡಿದಿಟ್ಟುಕೊಳ್ಳಬಲ್ಲವು. ಮುಂದಿನ ಅಕ್ಷರ ಪೂರ್ತಿಯಾಗಿ ಬಂದು ಸೇರುವುದರೊಳಗೆ ಹಿಂದಿನದನ್ನು ಯಾರೂ ಎತ್ತಿಕೊಳ್ಳದಿದ್ದರೆ ಹೊಸದು ಅದರ ಮೇಲೆಯೇ ಬಂದು ಕೂರುತ್ತದೆ, ಹಳೆಯದು ಹೋದಂತೆಯೇ. ಇದಕ್ಕೆ ಓವರ್‌ರನ್ ಎನ್ನುತ್ತಾರೆ. ಹಾರ್ಡ್ ಡಿಸ್ಕಿಗೆ ಒಂದು ಸಾಲು ಬರೆಯಲು ಹತ್ತಾರು ಮಿಲಿಸೆಕೆಂಡು ಬೇಕಿದ್ದ ಯಂತ್ರದಲ್ಲಿ, ಬರೆಯುತ್ತಿರುವ ಅಷ್ಟೂ ಹೊತ್ತು ಪೋರ್ಟಿನ ಕಡೆಗೆ ಯಾರೂ ನೋಡುತ್ತಿರಲಿಲ್ಲ. ಸಾಲೊಂದರ ಆರಂಭ ಹಿಂದಿನ ತುಂಡಿನೊಡನೆ ಸೇರಿಕೊಳ್ಳುತ್ತಿತ್ತು, ಇಲ್ಲವೇ ನಡುವಿನ ಅಂಕಿ ಕಾಣೆಯಾಗುತ್ತಿತ್ತು.

ಪ್ರೋಗ್ರಾಂ ಅನ್ನು ಎಷ್ಟೇ ಚುರುಕುಗೊಳಿಸಿದರೂ ಇದಕ್ಕೆ ಪರಿಹಾರವಿಲ್ಲ ಎಂಬುದು ಈ ಲೆಕ್ಕದಿಂದ ಸ್ಪಷ್ಟವಾಯಿತು. ತಾನು ಬಂದಿದ್ದೇನೆಂದು ಅಕ್ಷರವೇ ತಿಳಿಸಬೇಕು. ಪ್ರೊಸೆಸರ್ ಆಗ ಯಾವ ಕೆಲಸದಲ್ಲಿದ್ದರೂ ಅದನ್ನು ನಿಲ್ಲಿಸಿ ಅಕ್ಷರವನ್ನು ಎತ್ತಿಟ್ಟು ತನ್ನ ಕೆಲಸಕ್ಕೆ ಮರಳಬೇಕು. ಇಂಟರಪ್ಟ್ ಎಂದರೆ ಇದೇ.

1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಇದಕ್ಕಾಗಿ ಇಂಟೆಲ್ಲಿನ 8259ಎ ಎಂಬ ಚಿಪ್ ಇತ್ತು. ಅದಕ್ಕೆ ಇಂಟರಪ್ಟ್ ಕೋರುವ ಎಂಟು ತಂತಿಗಳು, ಐಆರ್‌ಕ್ಯೂ 0ರಿಂದ 7ರವರೆಗೆ. ಸೊನ್ನೆಯದು ಟೈಮರಿಗೆ, ಒಂದನೆಯದು ಕೀಬೋರ್ಡಿಗೆ, ಮೂರು ಮತ್ತು ನಾಲ್ಕು ಸೀರಿಯಲ್ ಪೋರ್ಟ್‌ಗಳಿಗೆ, ಆರನೆಯದು ಫ್ಲಾಪಿಗೆ, ಏಳನೆಯದು ಪ್ರಿಂಟರಿಗೆ. ಎಂಟು ಸಾಲದಾದಾಗ 1984ರ ಪಿಸಿ ಎಟಿಯಲ್ಲಿ ಇನ್ನೊಂದು 8259ಎ ಚಿಪ್ಪನ್ನು ಸೇರಿಸಿ, ಅದರ ಹೊರತಂತಿಯನ್ನು ಮೊದಲ ಚಿಪ್ಪಿನ ಎರಡನೆಯ ತಂತಿಗೆ ಜೋಡಿಸಿದರು. ಹೀಗಾಗಿ 8ರಿಂದ 15ರವರೆಗಿನ ಎಲ್ಲ ತಂತಿಗಳೂ ಎರಡನೆಯದರ ಮೂಲಕವೇ ಬರುತ್ತವೆ. ಆದ್ಯತೆಯ ಸಾಲಿನಲ್ಲಿ ಅವು 1 ಮತ್ತು 3ರ ನಡುವೆ ನಿಲ್ಲುತ್ತವೆ. ಸಂಖ್ಯೆ ಚಿಕ್ಕದಾದಷ್ಟೂ ಆದ್ಯತೆ ಹೆಚ್ಚು ಎಂಬ ಸರಳ ನಿಯಮಕ್ಕೆ ಇದೊಂದೇ ತಿರುವು. ಈ ತಿರುವು ಮುಂದೆ ನನಗೆ ಬಹಳ ಉಪಯೋಗಕ್ಕೆ ಬಂತು.

ತಂತಿಯಲ್ಲಿ ಸಂಕೇತ ಏರಿದಾಗ 8259ಎ ಪ್ರೊಸೆಸರಿಗೆ ಸುದ್ದಿ ಮುಟ್ಟಿಸುತ್ತದೆ. ಪ್ರೊಸೆಸರ್ ಕೈಯಲ್ಲಿರುವ ಆಜ್ಞೆಯನ್ನು ಮುಗಿಸಿ, ಯಾರು ಕರೆದದ್ದೆಂದು ಕೇಳುತ್ತದೆ. ಚಿಪ್ ಒಂದು ಸಂಖ್ಯೆಯನ್ನು ಕೊಡುತ್ತದೆ. ಮೊದಲ ಚಿಪ್ಪಿನ ವಿಷಯದಲ್ಲಿ ಅದು ತಂತಿಯ ಸಂಖ್ಯೆಗೆ ಎಂಟನ್ನು ಕೂಡಿಸಿದ ಮೊತ್ತ; ಮೊದಲನೆಯ ಸೀರಿಯಲ್ ಪೋರ್ಟಿನ ಐಆರ್‌ಕ್ಯೂ 4ಕ್ಕೆ 12. ಸ್ಮೃತಿಯ (ಮೆಮೊರಿಯ) ಮೊದಲ 1024 ಬೈಟ್‌ಗಳಲ್ಲಿ ತಲಾ ನಾಲ್ಕು ಬೈಟ್‌ಗಳ 256 ವಿಳಾಸಗಳ ಪಟ್ಟಿಯೊಂದು ಇರುತ್ತದೆ. ಪ್ರೊಸೆಸರ್ ತನ್ನ ಸ್ಥಿತಿಯ ಗುರುತುಗಳಾದ ಫ್ಲ್ಯಾಗ್‌ಗಳನ್ನೂ ತಾನು ನಿಂತ ಸ್ಥಳದ ವಿಳಾಸವನ್ನೂ ಸ್ಟ್ಯಾಕ್ ಎಂಬ ತಾತ್ಕಾಲಿಕ ಸ್ಮೃತಿಯ ಮೇಲಿಟ್ಟು, ಬೇರೆ ಇಂಟರಪ್ಟ್‌ಗಳಿಗೆ ಸದ್ಯಕ್ಕೆ ಬಾಗಿಲು ಮುಚ್ಚಿ, ಪಟ್ಟಿಯ 12ನೆಯ ಮನೆಯಲ್ಲಿ ಬರೆದಿರುವ ವಿಳಾಸಕ್ಕೆ ಹೋಗುತ್ತದೆ. ಆ ವಿಳಾಸದಲ್ಲಿರುವ, ಇಂಟರಪ್ಟಿನ ಕೆಲಸ ಮಾಡುವ ಪ್ರೋಗ್ರಾಂ ತುಂಡೇ ಹ್ಯಾಂಡ್ಲರ್. ಡಾಸ್‌ನಲ್ಲಿ ಆ ಪಟ್ಟಿಯನ್ನು ತಿದ್ದಲು ಯಾರ ಅನುಮತಿಯೂ ಬೇಕಿರಲಿಲ್ಲ. ನಾವು ಬರೆದ ವಿಳಾಸವನ್ನು ಯಂತ್ರ ಪ್ರಶ್ನಿಸದೆ ನಂಬುತ್ತಿತ್ತು. ನಾವು ಏನನ್ನು ಮರೆತೆವೋ ಅದು ಅಲ್ಲಿಯೇ ಎದ್ದು ಕಾಣುತ್ತಿತ್ತು. ಯಂತ್ರದ ಒಳಗನ್ನು ಅರಿಯಲು ಇದಕ್ಕಿಂತ ಒಳ್ಳೆಯ ಶಾಲೆ ನನಗೆ ಬೇರೆ ಸಿಗಲಿಲ್ಲ.

ತಿಪಟೂರಿನಿಂದ ಮರಳಿದವನು ನೇರವಾಗಿ ಸೀರಿಯಲ್ ಪೋರ್ಟಿಗೆ ಕೈಹಾಕಲಿಲ್ಲ. ಅಂಗಡಿಯಲ್ಲಿ ಸಂಜೆ ಗಿರಾಕಿಗಳು ಖಾಲಿಯಾದ ಮೇಲೆ ಟೈಮರಿನಿಂದ ಆರಂಭಿಸಿದೆ. ಪಿಸಿಯ 14.31818 ಮೆಗಾಹರ್ಟ್ಸ್ ಹರಳಿನ ಕಂಪನವನ್ನು 12ರಿಂದ ಭಾಗಿಸಿದರೆ ಬರುವ 1.193182 ಮೆಗಾಹರ್ಟ್ಸನ್ನು ಟೈಮರ್ ಚಿಪ್ ಮತ್ತೆ 65536ರಿಂದ ಭಾಗಿಸುತ್ತದೆ. ಸೆಕೆಂಡಿಗೆ ಸುಮಾರು 18.2 ಬಾರಿ ಐಆರ್‌ಕ್ಯೂ 0 ಬರುವುದು ಹೀಗೆ. ಪ್ರತಿ ಬಾರಿಯೂ ಬಯಾಸ್ ತನ್ನ ಲೆಕ್ಕ ಮುಗಿಸಿ 1ಸಿ ಎಂಬ ಹೆಕ್ಸ್ ಸಂಖ್ಯೆಯ ಇಂಟರಪ್ಟನ್ನು ಕರೆಯುತ್ತದೆ. ಬಳಕೆದಾರರಿಗೆಂದೇ ಬಿಟ್ಟಿರುವ ಕೊಂಡಿ ಅದು. ಟರ್ಬೊ ಸಿ ಭಾಷೆಯಲ್ಲಿ ಫಂಕ್ಷನ್ನಿನ ಹೆಸರಿನ ಮುಂದೆ ಇಂಟರಪ್ಟ್ ಎಂಬ ಪದವನ್ನು ಸೇರಿಸಿದರೆ ಕಂಪೈಲರ್ ತಾನೇ ರಿಜಿಸ್ಟರ್‌ಗಳನ್ನು (ಚಿಪ್ಪಿನೊಳಗಿನ ಪುಟ್ಟ ಸ್ಮೃತಿಗಳನ್ನು) ಕಾಪಿಟ್ಟು, ಕೊನೆಗೆ ನಿಲ್ಲಿಸಿದ ಕೆಲಸಕ್ಕೆ ಮರಳಿಸುವ ಐರೆಟ್ ಆಜ್ಞೆಯನ್ನು ಹಾಕಿಕೊಡುತ್ತದೆ. ಗೆಟ್‌ವೆಕ್ಟ್‌ನಿಂದ ಹಳೆಯ ವಿಳಾಸವನ್ನು ಪಡೆದು ಬದಿಗಿಟ್ಟು, ಸೆಟ್‌ವೆಕ್ಟ್‌ನಿಂದ ನನ್ನದನ್ನು ಬರೆದೆ. ಪರದೆಯ ಬಲ ಮೂಲೆಯಲ್ಲಿ ಒಂದು ಎಣಿಕೆ ಏರುತ್ತಿರಬೇಕು ಎಂಬುದಷ್ಟೇ ನನ್ನ ಗುರಿ. ಹ್ಯಾಂಡ್ಲರಿನ ಒಳಗೆ ಪರದೆಗೆ ಬರೆಯುವ ಪ್ರಿಂಟ್‌ಎಫ್ ಫಂಕ್ಷನ್ ಬಳಸಿದ್ದೆ. ಎಣಿಕೆ ಕೆಲವು ಸೆಕೆಂಡು ಏರಿತು, ಮುಖ್ಯ ಪ್ರೋಗ್ರಾಂ ಫೈಲ್ ಬರೆಯಲು ಹೊರಟೊಡನೆ ಯಂತ್ರ ಸ್ತಬ್ಧವಾಯಿತು.

ಕಾರಣ ಡಾಸ್‌ನ ಸ್ವಭಾವದಲ್ಲಿದೆ. ಅದರ ಬಳಿ ಇರುವುದು ತನ್ನದೇ ಆದ ಕೆಲವೇ ಸ್ಟ್ಯಾಕ್‌ಗಳು, ಒಂದೇ ಜೊತೆ ಆಂತರಿಕ ಚರಾಂಶಗಳು. ಒಂದು ಕೆಲಸದ ನಡುವೆ ಇರುವಾಗ ಇಂಟರಪ್ಟಿನ ಹಾದಿಯಿಂದ ಮತ್ತೊಮ್ಮೆ ಅದರೊಳಗೆ ಹೊಕ್ಕರೆ ಎರಡನೆಯ ಕೆಲಸ ಮೊದಲನೆಯದರ ಲೆಕ್ಕವನ್ನೆಲ್ಲ ಅಳಿಸಿಹಾಕುತ್ತದೆ. ಪ್ರಿಂಟ್‌ಎಫ್ ಕೊನೆಗೆ ಹೋಗಿ ಸೇರುವುದು ಡಾಸ್‌ಗೇ. ಹ್ಯಾಂಡ್ಲರಿನಿಂದ ಬರೆಯಲೇಬೇಕಿದ್ದರೆ ಬಿ800 ಎಂಬ ಸೆಗ್ಮೆಂಟಿನಲ್ಲಿರುವ ಪರದೆಯ ಸ್ಮೃತಿಗೆ ನೇರವಾಗಿ ಅಕ್ಷರವನ್ನು ಇಡಬೇಕು. ಹಾಗೆ ಮಾಡಿದ ಮೇಲೆ ಎಣಿಕೆ ಗಂಟೆಗಟ್ಟಲೆ ನಿಲ್ಲದೆ ಓಡಿತು. ಹ್ಯಾಂಡ್ಲರಿನಲ್ಲಿ ಡಾಸ್ ಕರೆಯಬಾರದು, ಫೈಲ್ ಮುಟ್ಟಬಾರದು, ಸ್ಮೃತಿ ಕೇಳಬಾರದು, ದೊಡ್ಡ ಸ್ಥಳೀಯ ಸರಣಿಗಳನ್ನು ಇಡಬಾರದು ಎಂದು ಅಂದೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕೊನೆಯದಕ್ಕೆ ಕಾರಣ, ಹ್ಯಾಂಡ್ಲರ್ ಓಡುವುದು ಆ ಕ್ಷಣದಲ್ಲಿ ಯಾರ ಸ್ಟ್ಯಾಕ್ ಇದೆಯೋ ಅದರ ಮೇಲೆ. ಅದರಲ್ಲಿ ಎಷ್ಟು ಜಾಗ ಉಳಿದಿದೆ ಎಂದು ನಮಗೆ ತಿಳಿಯುವ ದಾರಿಯಿಲ್ಲ. ಕಂಪೈಲರಿನ ಸ್ಟ್ಯಾಕ್ ಪರೀಕ್ಷೆಯ ಆಯ್ಕೆಯನ್ನೂ ಇದೇ ಕಾರಣಕ್ಕೆ ಆರಿಸಿಡಬೇಕು.

ಇನ್ನು ಸೀರಿಯಲ್ ಪೋರ್ಟ್. ಅಂಗಡಿಯಲ್ಲಿದ್ದ ಎರಡು ಯಂತ್ರಗಳನ್ನು ಎರಡು ಕಂಪ್ಯೂಟರ್‌ಗಳ ಸೀರಿಯಲ್ ಪೋರ್ಟ್‌ಗಳನ್ನು ನೇರವಾಗಿ ಸೇರಿಸುವ ನಲ್ ಮೋಡೆಮ್ ಕೇಬಲ್‌ನಿಂದ ಜೋಡಿಸಿ, ಒಂದನ್ನು ತಕ್ಕಡಿಯ ಪಾತ್ರಕ್ಕೆ ಇಟ್ಟುಕೊಂಡೆ. ಅದು 0043.50 ಎಂಬ ಸಾಲನ್ನು ಬಿಡದೆ ಕಳಿಸುತ್ತಿತ್ತು. ಇನ್ನೊಂದರಲ್ಲಿ ಮಾಡಬೇಕಾದ ಸಿದ್ಧತೆಗಳು ಮೇಲ್ನೋಟಕ್ಕೆ ಕೆಲವೇ. ಮೊದಲ ಪೋರ್ಟಿನ ಮೂಲ ವಿಳಾಸ ಹೆಕ್ಸ್ 3ಎಫ್8. ಸೀರಿಯಲ್ ಚಿಪ್ಪಿನ 1.8432 ಮೆಗಾಹರ್ಟ್ಸ್ ಗಡಿಯಾರವನ್ನು 16ರಿಂದ ಭಾಗಿಸಿದರೆ 115200. ಅದನ್ನು 12ರಿಂದ ಭಾಗಿಸಿದರೆ 9600, ಆದ್ದರಿಂದ ವೇಗದ ರಿಜಿಸ್ಟರಿಗೆ 12 ಬರೆಯಬೇಕು. ಅಕ್ಷರ ಬಂದಾಗ ಇಂಟರಪ್ಟ್ ಕೊಡು ಎಂದು 3ಎಫ್9ರಲ್ಲಿ 1 ಬರೆಯಬೇಕು. ಪಟ್ಟಿಯ 12ನೆಯ ಮನೆಯಲ್ಲಿ ನಮ್ಮ ಹ್ಯಾಂಡ್ಲರಿನ ವಿಳಾಸವನ್ನು ಇಡಬೇಕು. ಕೊನೆಗೆ 8259ಎಯ ಮುಸುಕಿನ ರಿಜಿಸ್ಟರ್, ಅಂದರೆ 21ನೆಯ ಹೆಕ್ಸ್ ಪೋರ್ಟಿನಲ್ಲಿ (ಸೊನ್ನೆಯಿಂದ ಎಣಿಸಿದರೆ) ನಾಲ್ಕನೆಯ ಬಿಟ್ ಅನ್ನು ಸೊನ್ನೆ ಮಾಡಬೇಕು. ಅಲ್ಲಿ ಸೊನ್ನೆ ಎಂದರೆ ತಂತಿ ತೆರೆದಿದೆ, ಒಂದು ಎಂದರೆ ಮುಚ್ಚಿದೆ. ಮೊದಲು ಓದಿ, ಆ ಒಂದು ಬಿಟ್ ಮಾತ್ರ ಬದಲಿಸಿ ಮರಳಿ ಬರೆಯಬೇಕು. ಓದದೆಯೇ ನಮ್ಮ ಬಿಟ್‌ಗಷ್ಟೇ ಸರಿಹೊಂದುವ ಬೆಲೆಯೊಂದನ್ನು ಬರೆದುಬಿಟ್ಟರೆ ಕೀಬೋರ್ಡ್ ಮತ್ತು ಟೈಮರ್ ಅದೇ ಕ್ಷಣದಲ್ಲಿ ಕಿವುಡಾಗುತ್ತವೆ, ಯಂತ್ರವನ್ನು ಮರುಚಾಲನೆ ಮಾಡದೆ ಬೇರೆ ದಾರಿ ಉಳಿಯುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದಕ್ಷರವೂ ಬರಲಿಲ್ಲ. ಪೋಲಿಂಗ್ ಮಾಡಿ ನೋಡಿದರೆ ಅಕ್ಷರಗಳು ಪೋರ್ಟಿನಲ್ಲಿ ಬಂದು ನಿಂತಿವೆ, ಚಿಪ್ ತನ್ನ ಬಳಿ ಇಂಟರಪ್ಟ್ ಕಾದಿದೆ ಎಂದೂ ಹೇಳುತ್ತಿದೆ, ಆದರೆ ಹ್ಯಾಂಡ್ಲರಿಗೆ ಕರೆ ಇಲ್ಲ. ಎರಡು ಸಂಜೆಗಳು ಇದರಲ್ಲಿಯೇ ಕಳೆದವು. ಸೀರಿಯಲ್ ಚಿಪ್ಪಿನ ಮಾಹಿತಿ ಪುಸ್ತಕದ ಜೆರಾಕ್ಸ್ ಹಾಳೆಗಳನ್ನು ಹಲವು ಸಲ ಓದಿದೆ. ಅದರಲ್ಲಿ ಉತ್ತರ ಇರಲಿಲ್ಲ, ಇರುವುದಕ್ಕೂ ಸಾಧ್ಯವಿರಲಿಲ್ಲ. ಚಿಪ್ಪಿನಲ್ಲಿ ಔಟ್ 2 ಎಂಬ ಹೆಸರಿನ, ಬಳಸುವವರು ಬೇಕಾದಂತೆ ಬಳಸಿಕೊಳ್ಳಲೆಂದು ಬಿಟ್ಟಿರುವ ಒಂದು ಹೊರತಂತಿ ಇದೆ. ಐಬಿಎಂನ ವಿನ್ಯಾಸಕಾರರು ತಮ್ಮ ಕಾರ್ಡಿನಲ್ಲಿ ಅದನ್ನು ಇಂಟರಪ್ಟ್ ತಂತಿಯ ಮೇಲಿನ ಬಾಗಿಲನ್ನಾಗಿ ಬಳಸಿದರು. ಔಟ್ 2 ತೆರೆಯದಿದ್ದರೆ ಚಿಪ್ ಎಷ್ಟು ಕೂಗಿದರೂ ಆ ಕೂಗು ಕಾರ್ಡನ್ನು ದಾಟಿ 8259ಎಗೆ ಕೇಳಿಸುವುದಿಲ್ಲ. 3ಎಫ್‌ಸಿ ವಿಳಾಸದ ಮೋಡೆಮ್ ನಿಯಂತ್ರಣ ರಿಜಿಸ್ಟರಿನಲ್ಲಿ, ಸೊನ್ನೆಯಿಂದ ಎಣಿಸಿದರೆ, ಮೂರನೆಯ ಬಿಟ್ ಇದು. ಎದುರಿನ ಸಾಧನಕ್ಕೆ ನಾವು ಸಿದ್ಧರಿದ್ದೇವೆಂದು ತಿಳಿಸುವ ಇನ್ನೆರಡು ಬಿಟ್‌ಗಳೊಡನೆ ಸೇರಿಸಿ (ಹೆಕ್ಸ್ ಅಲ್ಲದ, ಸಾಮಾನ್ಯ ಎಣಿಕೆಯ) 11 ಎಂದು ಬರೆದರೆ ಬಾಗಿಲು ತೆರೆಯುತ್ತದೆ. ಚಿಪ್ಪಿನ ಪುಸ್ತಕ ಚಿಪ್ಪಿನ ಬಗ್ಗೆ ಮಾತ್ರ ಹೇಳುತ್ತದೆ, ಅದನ್ನು ಕೂರಿಸಿದ ಕಾರ್ಡಿನ ಬಗ್ಗೆ ತಿಳಿಯಲು ಕಾರ್ಡಿನ ನಕ್ಷೆಯನ್ನೇ ನೋಡಬೇಕು. ಐಬಿಎಂ ತನ್ನ ತಾಂತ್ರಿಕ ಕೈಪಿಡಿಯಲ್ಲಿ ನಕ್ಷೆಗಳನ್ನೂ ಬಯಾಸ್‌ನ ಇಡೀ ಪ್ರೋಗ್ರಾಂ ಪಠ್ಯವನ್ನೂ ಅಚ್ಚು ಹಾಕಿಸಿತ್ತು. ಅದರ ಕೆಲವು ಪುಟಗಳ ಪ್ರತಿ ಬೆಂಗಳೂರಿನ ಗೆಳೆಯರೊಬ್ಬರ ಮೂಲಕ ಕೈಗೆ ಬಂದ ದಿನವೇ ಈ ಗಂಟು ಬಿಚ್ಚಿಕೊಂಡಿತು.

ಬಾಗಿಲು ತೆರೆದ ಮೇಲೆ ಒಂದೇ ಒಂದು ಅಕ್ಷರ ಬಂತು, ಒಂದು ಸೊನ್ನೆ. ಆಮೇಲೆ ಮತ್ತೆ ಮೌನ.

ಈ ಸಲದ ಮೌನವನ್ನು ನಾನು ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಉತ್ತರವನ್ನು ಯಂತ್ರವೇ ಹೇಳಿತು. ಕೀಲಿ ಒತ್ತಿದರೆ ಅಕ್ಷರ ಮೂಡುತ್ತಿತ್ತು. ಮೂಲೆಯ ಎಣಿಕೆ ಓಡುತ್ತಿತ್ತು. ಹಾರ್ಡ್ ಡಿಸ್ಕಿನ ಫೈಲ್‌ಗಳ ಪಟ್ಟಿ ಬರುತ್ತಿತ್ತು. ಆದರೆ ಪ್ರೋಗ್ರಾಂ ಪ್ರತಿಯನ್ನು ಫ್ಲಾಪಿಗೆ ಹಾಕಿಕೊಳ್ಳೋಣವೆಂದು ಹೋದರೆ, ಒಂದು ಕ್ಷಣದ ಹಿಂದೆ ಚೆನ್ನಾಗಿದ್ದ ಫ್ಲಾಪಿ ಡ್ರೈವ್ ಸಿದ್ಧವಾಗಿಲ್ಲವೆಂಬ ಸಂದೇಶ ಬರುತ್ತಿತ್ತು. ಟೈಮರ್ 0, ಕೀಬೋರ್ಡ್ 1, ಹಾರ್ಡ್ ಡಿಸ್ಕ್ 14. ಹದಿನಾಲ್ಕು ಎರಡನೆಯ ಚಿಪ್ಪಿನದಾದ್ದರಿಂದ 2ರ ಮೂಲಕ ಬರುತ್ತದೆ. ಇವು ಮೂರೂ ಆದ್ಯತೆಯಲ್ಲಿ 4ಕ್ಕಿಂತ ಮೇಲೆ. ಫ್ಲಾಪಿ 6, ಅದಕ್ಕಿಂತ ಕೆಳಗೆ. ಅಂದರೆ ನಾಲ್ಕರಿಂದ ಕೆಳಗಿನ ಎಲ್ಲ ತಂತಿಗಳೂ ಕಟ್ಟಿಕೊಂಡಿದ್ದವು. ಹೀಗಾಗುವುದು ಒಂದೇ ಸಂದರ್ಭದಲ್ಲಿ. 8259ಎ ಒಂದು ಇಂಟರಪ್ಟನ್ನು ಪ್ರೊಸೆಸರಿಗೆ ಒಪ್ಪಿಸಿದ ಮೇಲೆ, ಆ ಕೆಲಸ ಮುಗಿಯಿತು ಎಂಬ ಮಾತು ತನಗೆ ಬರುವವರೆಗೂ ಅದಕ್ಕೆ ಸಮಾನವಾದ ಅಥವಾ ಕೆಳಗಿನ ಯಾವುದನ್ನೂ ಮುಂದಕ್ಕೆ ಬಿಡುವುದಿಲ್ಲ. ಆ ಮಾತಿಗೆ ಇಒಐ ಎಂದು ಹೆಸರು, 20ನೆಯ ಹೆಕ್ಸ್ ಪೋರ್ಟಿಗೆ ಹೆಕ್ಸ್ 20 ಎಂಬ ಬೆಲೆಯನ್ನು ಬರೆಯುವುದು. ಟೈಮರಿನ 1ಸಿ ಕೊಂಡಿಯಲ್ಲಿ ಅದನ್ನು ಬಯಾಸ್ ಮಾಡುತ್ತಿದ್ದುದರಿಂದ ನನ್ನ ಹ್ಯಾಂಡ್ಲರಿನಲ್ಲಿ ಅದರ ಅಗತ್ಯವೇ ಬಿದ್ದಿರಲಿಲ್ಲ. ಇಲ್ಲಿ ಬಯಾಸ್ ಇಲ್ಲ, ನಾನೇ ಹೇಳಬೇಕಿತ್ತು. ಹ್ಯಾಂಡ್ಲರಿನ ಕೊನೆಗೆ ಒಂದು ಸಾಲು ಸೇರಿಸಿದೆ. ಪರದೆಯ ತುಂಬ 0043.50 ಹರಿಯಿತು. ರಾತ್ರಿ ಒಂಬತ್ತು ದಾಟಿತ್ತು. ಶಟರ್ ಅರ್ಧ ಇಳಿಸಿ ಕಾಯುತ್ತಿದ್ದ ಮಾಲೀಕರನ್ನು ಒಳಗೆ ಕರೆದು ತೋರಿಸಿದೆ.

ಅದಾದ ಮೇಲೆ ಬಂದ ತೊಡಕು ಸೂಕ್ಷ್ಮವಾದದ್ದು. ಅಕ್ಷರ ಕಳೆದರೆ ಅದೂ ತಿಳಿಯಲೆಂದು, ಅಕ್ಷರ ಬಂದಾಗ ಮಾತ್ರವಲ್ಲದೆ ದೋಷ ಕಂಡಾಗಲೂ ಇಂಟರಪ್ಟ್ ಕೊಡುವಂತೆ ಚಿಪ್ಪಿಗೆ ಹೇಳಿದೆ. ಆಗ ಒಂದೆರಡು ಗಂಟೆ ಸರಿಯಾಗಿ ಓಡಿ ಯಾವಾಗಲೋ ಒಮ್ಮೆ ಪೋರ್ಟ್ ಮೌನವಾಗುತ್ತಿತ್ತು. ಹಳೆಯ ಪಿಸಿಯ 8259ಎ ತಂತಿಯ ಸಂಕೇತ ಮೇಲೇರುವ ಕ್ಷಣವನ್ನು ಮಾತ್ರ ಗಮನಿಸುತ್ತದೆ, ಮೇಲೆಯೇ ನಿಂತಿರುವ ಸಂಕೇತವನ್ನಲ್ಲ. ಒಂದು ಕಾರಣವನ್ನು ತೀರಿಸುವಷ್ಟರಲ್ಲಿ ಇನ್ನೊಂದು ಕಾರಣ ಎದ್ದರೆ ತಂತಿ ಕೆಳಗಿಳಿಯುವುದೇ ಇಲ್ಲ, ಇಳಿಯದೆ ಮತ್ತೆ ಏರುವುದೂ ಇಲ್ಲ. ಆದ್ದರಿಂದ ಹ್ಯಾಂಡ್ಲರ್ ಹೊರಡುವ ಮುನ್ನ ಚಿಪ್ಪಿನ ಇಂಟರಪ್ಟ್ ಗುರುತಿನ ರಿಜಿಸ್ಟರನ್ನು ಓದುತ್ತಾ, ಇನ್ನೇನೂ ಬಾಕಿ ಇಲ್ಲವೆಂದು ಅದು ಹೇಳುವವರೆಗೂ ಒಂದೊಂದನ್ನೇ ತೀರಿಸಬೇಕು. ಆಮೇಲೆ ಇಒಐ. ಎರಡು ಸೀರಿಯಲ್ ಪೋರ್ಟ್‌ಗಳು ಒಂದೇ ತಂತಿಯನ್ನು ಹಂಚಿಕೊಂಡರೆ, ಅಂದರೆ ಮೊದಲನೆಯದೂ ಮೂರನೆಯದೂ ಐಆರ್‌ಕ್ಯೂ 4ರ ಮೇಲೆ ಒಟ್ಟಿಗೆ ಕೆಲಸ ಮಾಡಬೇಕಾಗಿ ಬಂದರೆ, ತೊಂದರೆಯಾಗುವುದಕ್ಕೂ ಇದು ಮುಖ್ಯ ಕಾರಣ. ಮೌಸ್ ಒಂದರಲ್ಲಿ, ಮೋಡೆಮ್ ಮೂರರಲ್ಲಿ ಇಟ್ಟು ಪರದಾಡಿದವರು ಆ ಕಾಲದಲ್ಲಿ ಬಹಳ ಮಂದಿ.

ಹ್ಯಾಂಡ್ಲರ್ ಎತ್ತಿದ ಅಕ್ಷರವನ್ನು ಎಲ್ಲಿ ಇಡಬೇಕು? 1024 ಬೈಟ್‌ಗಳ ಒಂದು ಸರಣಿಯನ್ನು ಉಂಗುರದಂತೆ ಬಳಸಿದೆ. ಸೆಕೆಂಡಿಗೆ 960 ಅಕ್ಷರ ಬಂದರೂ ಮುಖ್ಯ ಪ್ರೋಗ್ರಾಮಿಗೆ ಒಂದು ಸೆಕೆಂಡಿಗಿಂತ ತುಸು ಹೆಚ್ಚಿನ ಬಿಡುವು ಸಿಕ್ಕಿತು, ಹಾರ್ಡ್ ಡಿಸ್ಕಿಗೆ ಒಂದು ಸಾಲು ಬರೆದು ಬರಲು ಅದು ಧಾರಾಳ. ಇಡುವ ಸ್ಥಾನವನ್ನು ಹ್ಯಾಂಡ್ಲರ್ ಮಾತ್ರ ಬದಲಿಸುತ್ತದೆ, ತೆಗೆಯುವ ಸ್ಥಾನವನ್ನು ಮುಖ್ಯ ಪ್ರೋಗ್ರಾಂ ಮಾತ್ರ ಬದಲಿಸುತ್ತದೆ. ಒಬ್ಬರ ವಸ್ತುವನ್ನು ಇನ್ನೊಬ್ಬರು ಓದಬಹುದು, ಬರೆಯುವಂತಿಲ್ಲ. ಈ ಕಟ್ಟುಪಾಡನ್ನು ಪಾಲಿಸಿದರೆ ಬೀಗಗಳ ಅಗತ್ಯವೇ ಬೀಳುವುದಿಲ್ಲ. ಎರಡೂ ಸ್ಥಾನಗಳನ್ನು ವೊಲಟೈಲ್, ಅಂದರೆ ಯಾವಾಗ ಬೇಕಾದರೂ ಬದಲಾಗಬಹುದಾದವು ಎಂದು ಘೋಷಿಸಬೇಕು, ಇಲ್ಲವಾದರೆ ಕಂಪೈಲರ್ ಅವನ್ನು ಒಮ್ಮೆ ರಿಜಿಸ್ಟರಿಗೆ ಎತ್ತಿಕೊಂಡು ಅದನ್ನೇ ನೋಡುತ್ತಾ ಕೂರಬಹುದು. 16 ಬಿಟ್‌ನ ಸ್ಥಾನಗಳನ್ನು ಪ್ರೊಸೆಸರ್ ಒಂದೇ ಆಜ್ಞೆಯಲ್ಲಿ ಓದುತ್ತದೆ. ಆದರೆ ಓವರ್‌ರನ್ ಎಣಿಕೆಯನ್ನು ನಾನು 32 ಬಿಟ್‌ನ ಲಾಂಗ್ ಆಗಿ ಇಟ್ಟಿದ್ದೆ, ಟರ್ಬೊ ಸಿ ಅದನ್ನು ಎರಡು ತುಂಡುಗಳಲ್ಲಿ ಓದುತ್ತದೆ. ಎರಡರ ನಡುವೆ ಇಂಟರಪ್ಟ್ ಬಂದರೆ ಅರ್ಧ ಹಳೆಯ, ಅರ್ಧ ಹೊಸ ಸಂಖ್ಯೆ ಸಿಗುತ್ತದೆ. ಅದನ್ನು ಓದುವಾಗ ಮಾತ್ರ ಇಂಟರಪ್ಟ್‌ಗಳನ್ನು ಕ್ಷಣಕಾಲ ತಡೆದು ಓದಿದೆ.

ಮಂಡಿಗೆ ಮತ್ತೆ ಹೋಗಿ ಹೊಸ ಪ್ರೋಗ್ರಾಂ ಹಾಕಿಬಂದ ಮೂರನೆಯ ದಿನ ಇನ್ನೊಂದು ದೂರು. ತೂಕ ಸರಿ ಇದೆ, ಆದರೆ ತೂಕ ಮುಗಿಸಿ ಪತ್ರ ಟೈಪ್ ಮಾಡುವ ಪ್ರೋಗ್ರಾಂ ತೆರೆದರೆ ಯಂತ್ರ ನಿಂತುಬಿಡುತ್ತದೆ. ಗುಮಾಸ್ತರು ನಮ್ಮ ಪ್ರೋಗ್ರಾಮಿನಿಂದ ಹೊರಬರಲು ನಾವು ಹೇಳಿದ ಕೀಲಿಯ ಬದಲು ಕಂಟ್ರೋಲ್ ಮತ್ತು ಸಿ ಒತ್ತುತ್ತಿದ್ದರು. ಡಾಸ್ ಆಗ ಪ್ರೋಗ್ರಾಂ ಅನ್ನು ಅಲ್ಲಿಯೇ ಮುಗಿಸಿ ಅದರ ಸ್ಮೃತಿಯನ್ನು ಹಿಂಪಡೆಯುತ್ತದೆ, ಆದರೆ ಪಟ್ಟಿಯ 12ನೆಯ ಮನೆಯಲ್ಲಿ ನಮ್ಮ ವಿಳಾಸ ಹಾಗೆಯೇ ಉಳಿಯುತ್ತದೆ. ತಕ್ಕಡಿ ಇನ್ನೂ ಕಳಿಸುತ್ತಲೇ ಇದೆ. ಮುಂದಿನ ಪ್ರೋಗ್ರಾಂ ಬಂದು ಆ ಜಾಗದಲ್ಲಿ ಕೂರುವವರೆಗೂ ಹಳೆಯ ಹ್ಯಾಂಡ್ಲರಿನ ಬೈಟ್‌ಗಳು ಅಲ್ಲಿಯೇ ಇರುವುದರಿಂದ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಪತ್ರದ ಪ್ರೋಗ್ರಾಂ ಅದರ ಮೇಲೆ ಬಂದು ಕುಳಿತ ಮೇಲೆ ಬಂದ ಮೊದಲ ಅಕ್ಷರಕ್ಕೆ ಪ್ರೊಸೆಸರ್ ಹೋಗಿ ಬೀಳುವುದು ಅದರ ಯಾವುದೋ ನಟ್ಟನಡುವೆ. ತಪ್ಪು ಮಾಡಿದ್ದು ನಮ್ಮ ಪ್ರೋಗ್ರಾಂ, ನಿಂತದ್ದು ಪತ್ರದ ಪ್ರೋಗ್ರಾಂ. ದೂರು ಕೊಟ್ಟವರು ಎರಡನೆಯದನ್ನು ಶಂಕಿಸಿದ್ದು ಸಹಜವೇ. ಹೊರಗೆ ಹೋಗುವ ಎಲ್ಲ ದಾರಿಗಳೂ ಒಂದೇ ಬಾಗಿಲಿಗೆ ಬರುವಂತೆ ಕಂಟ್ರೋಲ್ ಸಿಯನ್ನೂ ನಾವೇ ಹಿಡಿದುಕೊಂಡೆವು. ಆ ಬಾಗಿಲಿನಲ್ಲಿ ಮೊದಲು 8259ಎಯಲ್ಲಿ ತಂತಿ ಮುಚ್ಚುವುದು, ಆಮೇಲೆ ಚಿಪ್ಪಿನ ಇಂಟರಪ್ಟ್ ಮತ್ತು ಔಟ್ 2 ಆರಿಸುವುದು, ಕೊನೆಗೆ ಹಳೆಯ ವಿಳಾಸವನ್ನು ಮರಳಿ ಬರೆಯುವುದು.

ಇನ್ನೊಂದು ಬದಲಾವಣೆಯನ್ನು ಯಾರೂ ಕೇಳಿರಲಿಲ್ಲ, ಆದರೂ ನನಗೆ ಅದೇ ಎಲ್ಲಕ್ಕಿಂತ ಮುಖ್ಯವೆನಿಸಿತ್ತು. ಆರಂಭದ ಗುರುತು, ಏಳು ಅಕ್ಷರಗಳು, ಸಾಲಿನ ಅಂತ್ಯ, ಇಷ್ಟೂ ಇಲ್ಲದ ಸಾಲನ್ನು ಮತ್ತು ದೋಷದ ಗುರುತು ಬಿದ್ದ ಸಾಲನ್ನು ಪ್ರೋಗ್ರಾಂ ಇಡಿಯಾಗಿ ಕೈಬಿಡುವಂತೆ ಮಾಡಿದೆ. ತಕ್ಕಡಿ ಅದೇ ತೂಕವನ್ನು ಕೂಡಲೇ ಮತ್ತೊಮ್ಮೆ ಕಳಿಸುತ್ತದೆ, ಕಾಯುವುದರಿಂದ ನಷ್ಟವಿಲ್ಲ. ತಪ್ಪಾದ ತೂಕ ಬರೆಯುವುದಕ್ಕಿಂತ ಪರದೆಯ ಮೇಲೆ ಕ್ಷಣಕಾಲ ಏನೂ ಇಲ್ಲದಿರುವುದು ಮೇಲು. ವರ್ಷವಿಡೀ ತೋಟದಲ್ಲಿ ದುಡಿದು, ಕಾಯಿ ಒಣಗಿಸಿ, ಸುಲಿದು, ಒಡೆದು ತಂದವರ ಚೀಲ ಅದು.

ಮುಂದಿನ ಹರಾಜಿನ ದಿನ ಬೆಳಗಿನಿಂದ ಸಂಜೆಯವರೆಗೆ ಮಂಡಿಯಲ್ಲಿಯೇ ಕುಳಿತೆ. ಗುಮಾಸ್ತರು ಬೇಕೆಂದೇ ಒಂದು ಚೀಲದ ಲೆಕ್ಕ ಬರೆಯುತ್ತಿರುವಾಗಲೇ ಇನ್ನೊಂದನ್ನು ಇಡಿಸಿದರು. ತಕ್ಕಡಿಯ ಅಂಕಿಯನ್ನು ಒಂದು ಹಾಳೆಯ ಮೇಲೆ ಕೈಯಲ್ಲಿ ಬರೆದುಕೊಳ್ಳುತ್ತಾ ಹೋದರು, ಸಂಜೆ ಎರಡನ್ನೂ ಒಂದೊಂದಾಗಿ ತಾಳೆ ನೋಡಿದೆವು. ಎಲ್ಲವೂ ಹೊಂದಿದವು.

ಮಂಡಿಯವರು ಹೊಸ ಯಂತ್ರ ಕೊಂಡಾಗ ಆ 386 ನನಗೆ ಸಿಕ್ಕಿತು, ಈಗಲೂ ತುಮಕೂರಿನ ಮನೆಯಲ್ಲಿ ಓಡುತ್ತಿದೆ. ಈ ವರ್ಷ ಅದರ ಸೀರಿಯಲ್ ಕಾರ್ಡಿನ ಸಾಕೆಟ್‌ನಿಂದ 16450 ತೆಗೆದು, ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತಂದ 16550ಎ ಚಿಪ್ಪನ್ನು ಕೂರಿಸಿದೆ. ಕಾಲುಗಳ ಜೋಡಣೆ ಒಂದೇ ಆದ್ದರಿಂದ ಬೇರೇನನ್ನೂ ಬದಲಿಸಬೇಕಿಲ್ಲ. ಹೊಸ ಚಿಪ್ 16 ಅಕ್ಷರಗಳನ್ನು ಸಾಲಾಗಿ ಹಿಡಿದಿಟ್ಟುಕೊಳ್ಳಬಲ್ಲದು, ಅದು ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ಇಂಟರಪ್ಟ್ ಗುರುತಿನ ರಿಜಿಸ್ಟರಿನ ಮೇಲಿನ ಎರಡೂ ಬಿಟ್‌ಗಳನ್ನು ನೋಡಿ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಎ ಅಕ್ಷರವಿಲ್ಲದ ಮೊದಲಿನ 16550ಯಲ್ಲಿ ಆ ಸಾಲು ದೋಷಪೂರಿತವಾಗಿತ್ತು. ಹ್ಯಾಂಡ್ಲರ್ ಒಂದು ಕರೆಗೆ ಒಂದು ಅಕ್ಷರ ಎತ್ತಿ ಹೊರಟುಬಿಡದೆ, ಸಾಲು ಖಾಲಿಯಾಗುವವರೆಗೂ ಎತ್ತುವಂತೆ ತಿದ್ದಿದೆ. ಮಡಿಲ ಕಂಪ್ಯೂಟರಿನಿಂದ ಯುಎಸ್‌ಬಿ ಕೇಬಲ್ ಮೂಲಕ ಅದೇ 0043.50 ಸಾಲನ್ನು ಈ ಸಲ 115200ರ ವೇಗದಲ್ಲಿ ಕಳಿಸಿದೆ. ಅಕ್ಷರವೊಂದಕ್ಕೆ 87 ಮೈಕ್ರೋಸೆಕೆಂಡು. ಹದಿನಾಲ್ಕು ಅಕ್ಷರ ತುಂಬಿದಾಗ ಕರೆಯುವಂತೆ ಇಟ್ಟರೆ, ಹಾರ್ಡ್ ಡಿಸ್ಕ್ ಬರೆಯುವಾಗಲೆಲ್ಲ ಓವರ್‌ರನ್ ಎಣಿಕೆ ಒಂದೊಂದಾಗಿ ಏರುತ್ತಿತ್ತು, ಉಳಿದ ಎರಡು ಜಾಗ ತುಂಬುವುದರೊಳಗೆ ಹ್ಯಾಂಡ್ಲರಿಗೆ ತಲುಪಲಾಗುತ್ತಿರಲಿಲ್ಲ. ಎಂಟು ತುಂಬಿದಾಗಲೇ ಕರೆಯುವಂತೆ ಬದಲಿಸಿ ರಾತ್ರಿಯಿಡೀ ಓಡಲು ಬಿಟ್ಟೆ. ಬೆಳಗ್ಗೆ ಎದ್ದು ನೋಡಿದಾಗ ಎಣಿಕೆ ಸೊನ್ನೆಯಲ್ಲಿಯೇ ಇತ್ತು.